ಮಾಳಿಗಿ ಮ್ಯಾಲಿನ ರಾಷ್ಟ್ರಪತಿ

ನಿಂದರು, ಅಲ್ಲೇ ನಿಂದರು! ರಾಷ್ಟ್ರಪತಿ ಕುಂತಲ್ಲಿಗೆ ಹಿಂಗ ಧಡಾಧಡಾ ಹತ್ತಿ ಬರ್ತಾರೇನ? ಒಂದು ಕೆಮ್ಮಿಲ್ಲ, ಒಂದು ಅಪ್ಪಣಿ ಇಲ್ಲ... ಇರಲಿ. ಬಂದದ್ದು ಬಂದಿ, ಕುಂದ್ರು. ನೀನs ಅಂತ ನನಗ ಮದ್ಲs ಗೊತ್ತಾತು ಬೇ ಮೈಲಾರಿ. ಹ್ಯಾಂಗಂದ್ರ ಬಳಿ! ಹೊಸಾ ಬಳಿ ಇಟಗೊಂಡೀಯಲ್ಲ, ನೀ ಅರ್ಧಾ ಪಾವಟಿಗಿ ಹತ್ತಿದಾಗs ನಿನ್ನ ಹೆಸರ ಹೇಳಾಕ ಹತ್ತಿದ್ವು. ನಿಮ್ಮ ದೊಡ್ಡವ್ವ ಬಂದಿದ್ಲಂದ್ರ ಬಳಿ ಅಲ್ಲ, ಪಾವಟಿಗಿನs ನರಳತಿದ್ವು.

ಯಾಕ ನಗತಿ? ಕಂಬಳಿ ನೋಡಿ?

ನಗು, ನಗು. ಸುಡು ಬ್ಯಾಸಗಿ, ಶಲವಡಿ ಊರಿಗೆ ಊರs ಅಂಗಿ ಬಿಚ್ಚಿ ಬೀಸಣಿಕಿ ಹಿಡಕೊಂಡ ಕುಂತೈತಿ, ನಾ ಕರೇ ಕಂಬಳಿ ಹೊತಗೊಂಡು ಮಾಳಿಗಿ ಮ್ಯಾಲೆ ಬಿಸಲಾಗ ಕುಂತೇನಿ. ಹುಚ್ಚ ಹಿಡದಿಲ್ಲ, ಚಳಿಜ್ವರನೂ ಬಂದಿಲ್ಲ. ಇದು ಕಂಬಳಿ ಅಲ್ಲಬೇ, ಗದ್ದಿಗಿ. ನಮ್ಮ ಮುತ್ತ್ಯಾನ ಮುತ್ತ್ಯಾ ಮುನ್ನೂರು ಕುರಿ ಉಣ್ಣಿ ಕತ್ತರಿಸಿ ನೇಸಿದ್ದು. ಅದರಾಗ ಒಂದು ಹುಲಿ ಕೂದಲಾನೂ ಐತಂತ. ಕತ್ತರಿಸಿಕೊಳ್ಳೂಮುಂದ ಹುಲಿ ಪಾಳೇಕ ನಿಂತಿತ್ತಂತ. ಇದನ್ನ ನಾ ಹೊತಗೊಂಡ ಕುಂತೇನಿ ಯಾಕ? ನಾ ಕೆಳಗ ಬಿಟ್ಟ ಬಂದ್ರ ನಿಮ್ಮಪ್ಪ ಭರಮಪ್ಪ ಅದನ್ನ ಪಡಸಾಲ್ಯಾಗ ಹಾಸಿ ತಾನs ಕುಂತ ಬಿಡ್ತಾನ. ತಮ್ಮ ಖರೆ, ಆದ್ರ ಗದ್ದಿಗಿ ವಿಷಯದಾಗ ತಮ್ಮನ್ನೂ ನಂಬಬಾರದು.

ಬಟ್ಟಲಾ? ಇಲ್ಲೇ ಐತೆಲ್ಲ, ತೊಡೀ ಮ್ಯಾಲೆ. ಹುಂ, ಸಕ್ಕರಿನೂ ಐತಿ. ನಾ ತಿಂದಿಲ್ಲ. ಇಷ್ಟs ಇಷ್ಟು ತಿಂದೇನಿ. ಸಹಿ ಮಾಡೂಕಿಂತ ಮೊದಲ ಕಾಗದಾ ಓದಿ ನೋಡಬೇಕಿಲ್ಲಾ, ಹಂಗ.

ಯಾರು, ನಿಮ್ಮ ದೊಡ್ಡವ್ವ ಕಳಿಸಿದ್ಲಾ? ಇಲ್ಲಾ? ನೀನs ಬಂದಿ? ... ಹಂಗಾರ ವಿಷಯ ದೊಡ್ಡದೈತಿ.

ನನಗೂ ಗೊತ್ತೈತಿ ಬೇ. ಬೆಳಕಿಂಡ್ಯಾಗಿಂದ ಎಲ್ಲಾ ಕೇಳಸ್ತೈತಿ ಇಲ್ಲಿಗೆ. ದುಮ್ಮವಾಡದ ಶಿದ್ಲಿಂಗಪ್ಪ ಈಗ ಮೂರನೇ ಸಲ ಚಾ ಒಲ್ಲೆ ಅಂದ. ಅವನ ಕೂಡ ಬಂದ ಹಿರ್ಯಾರು ಮಳಿ ಬಗ್ಗೆ ಮಾತಾಡಿ ಮುಗಿಸಿ, ಬೆಳಿ ಬಗ್ಗೆ ಮಾತಾಡಿ ಮುಗಿಸಿ, ಈಗ ನಮ್ಮ ತೊಲಿ ಕಂಬ ಯಾವ ಕಟಗೀವು ಅಂತ ಕೇಳಾಕ ಹತ್ಯಾರ. ಅಂದ್ರ ಮಾತು ತೀರಿದ್ವು. ಸಂಜೀ ಹುಬ್ಬಳ್ಳಿ ಬಸ್ಸು ಬಂತಂದ್ರ ಅವರು ಎದ್ದs ಏಳಬೇಕು, ಇಲ್ಲಂದ್ರ ಹುಬ್ಬಳ್ಳ್ಯಾಗ ಕಲಘಟಗಿ ಬಸ್ಸು ತಪ್ಪತೈತಿ. ಅಷ್ಟರಾಗ ನಾ ಇಳಿದು, ಕಂಬಳಿ ಹಾಸಿ, ಅದರ ಮ್ಯಾಲೆ ಕುಂತು, ನನ್ನ ಕೈಯಾರೆ ಶಿದ್ಲಿಂಗಪ್ಪನ ಬಾಯಾಗ ಸಕ್ಕರಿ ಹಾಕಬೇಕು. ಆವಾಗ ನೀನು ಅವರ ಮನೀ ಸೊಸಿ. ಹಾಕದಿದ್ರ ಅವರು ಒಣಾ ಬಾಯೀಲೆ ಎದ್ದ ಹೋಗ್ತಾರ. ಒಣಾ ಬಾಯೀಲೆ ಎದ್ದ ಹ್ವಾದ ಮನಿಗೆ ನಮ್ಮವರು ತಿರಿಗಿ ಕಾಲ ಇಡಂಗಿಲ್ಲ. ಅದು ನೀ ಹುಟ್ಟೂಕಿಂತ ಮೊದಲಿಂದ ಐತಿ, ನಾ ಹುಟ್ಟೂಕಿಂತ ಮೊದಲಿಂದನೂ ಐತಿ.

ಮತ್ತ ಇಲ್ಲೇ ಯಾಕ ಕುಂತೇನಿ ಅಂತೀಯಾ? ಕುಂದ್ರೂದು ನನ್ನ ಅಧಿಕಾರ.

ಕೆಳಗ ಏನ ಹೇಳಿ ಬಂದೆ ಗೊತ್ತೇನ? ನೀ ಒಳಗ ಅಡಗಿ ಮನ್ಯಾಗಿದ್ದಿ. ನಿಮ್ಮ ದೊಡ್ಡವ್ವ ಬಟ್ಟಲಾ ತಂದು ನನ್ನ ಕೈಯಾಗ ಇಟ್ಟಳು. ಎಲ್ಲಾರೂ ನನ್ನ ಕೈನs ನೋಡಾಕ ಹತ್ತಿದ್ರು. ನಾ ಗಂಭೀರ ಆಗಿ ಎದ್ದ ನಿಂತೆ. 'ನಮ್ಮ ಮನೆತನದಾಗ ಸಕ್ಕರಿ ಮದ್ಲ ಸೂರ್ಯಾಗ ತೋರಸೂ ಪದ್ಧತಿ ಐತ್ರಿ' ಅಂದೆ. ಶಿದ್ಲಿಂಗಪ್ಪ ಪಾಪ, ಕೈ ಮುಗದ. 'ಭಾಳ ಚಲೋ ಪದ್ಧತಿರಿ' ಅಂದ. ನಿಮ್ಮ ದೊಡ್ಡವ್ವ ಕೆಮ್ಮಿದ್ಲು. ಆ ಕೆಮ್ಮು ನನಗ ಗೊತ್ತೈತಿ. ಆ ಕೆಮ್ಮು ಕೇಳಿ ನಮ್ಮ ಎತ್ತು ಸೈತ ನಿಂತ ಬಿಡ್ತಾವು. ನಾ ಕಂಬಳಿ ಬಗಲಾಗ ಹಿಡದವನs ಪಾವಟಿಗಿ ಹತ್ತಿದೆ. ಸೂರ್ಯಾ ಇನ್ನೂ ನೋಡಾಕs ಹತ್ಯಾನ.

ನೀ ಸಾಲಿ ಕಲತಾಕಿ, ನಿನಗ ಬ್ಯಾರೆ ಹೇಳಬೇಕಾಗಿಲ್ಲ. ಈ ಮನ್ಯಾಗ ರಾಷ್ಟ್ರಪತಿ ಯಾರು? ಕರಿಸಿದ್ದಪ್ಪ. ಅಂದ್ರ ನಾನು. ಪ್ರಧಾನಮಂತ್ರಿ ಯಾರು? ನಿಮ್ಮ ದೊಡ್ಡವ್ವ ಲಕ್ಷ್ಮವ್ವ. ನಿಮ್ಮಪ್ಪ ಹಣಕಾಸು, ತಲಿ ಅಲ್ಲಾಡಸೂ ಖಾತೆ. ನಿಮ್ಮವ್ವ ದುರ್ಗವ್ವ ಆಹಾರ ಖಾತೆ. ಈ ಮನೀದು ಎಲ್ಲಾ ನನ್ನ ಹೆಸರೀಲೆ ನಡೀತೈತಿ. 'ಕರಿಸಿದ್ದಪ್ಪನ ಹೊಲ', 'ಕರಿಸಿದ್ದಪ್ಪನ ಎತ್ತು', 'ಕರಿಸಿದ್ದಪ್ಪನ ನಾಯಿ ಕಡದೈತಿ'. ಹೊಲದಾಗ ಏನ ಬಿತ್ತಬೇಕು, ಎತ್ತು ಯಾವಾಗ ಮಾರಬೇಕು ಅಂತ ನನ್ನ ಯಾರೂ ಕೇಳಂಗಿಲ್ಲ. ಆದ್ರ ಮಾರೂಮುಂದ ಹಗ್ಗ ನನ್ನ ಕೈಯಿಂದs ದಾಟಬೇಕು. ಅದಕ್ಕs ಅಂತಾರ ಸಂವಿಧಾನ ಅಂತ.

ಮೊದಲ ನನಗೂ ಇದು ತಿಳೀತಿರಲಿಲ್ಲ. ಇಷ್ಟ ದೊಡ್ಡ ಮನೀ ಯಜಮಾನ ನಾನು, ನನ್ನ ಮಾತ್ಯಾಕ ನಡ್ಯಾಂಗಿಲ್ಲ ಅಂತ ಹೊಟ್ಟಿ ಉರೀತಿತ್ತು. ನೀ ಅಣ್ಣಿಗೇರಿ ಕಾಲೇಜಿಗೆ ಹೋಗೂಮುಂದ ಆ ರಾಜ್ಯಶಾಸ್ತ್ರದ ಪುಸ್ತಕ ಗಟ್ಟಿಯಾಗಿ ಓದತಿದ್ದಿ ನೋಡು, ಒಲಿ ಮುಂದ ಕುಂತು... ರಾಷ್ಟ್ರಪತಿ ಮಂತ್ರಿಮಂಡಲದ ಸಹಾಯ ಮತ್ತು ಸಲಹೆಯಂತೆ ನಡಕೋಬೇಕು, ಅಂತ ಓದಿದಿ. ಆವತ್ತ ನನಗ ಒಮ್ಮೆಲೆ ಬೆಳಕಾತು. ಯಲಾ, ದಿಲ್ಲ್ಯಾಗ ಅಷ್ಟ ದೊಡ್ಡ ಬಂಗಲೇದಾಗ ಇರೂ ಮನಶ್ಯಾಂದೂ ನಂದs ಪರಿಸ್ಥಿತಿ! ಆವತ್ತಿಂದ ನಾನು ನಿಮ್ಮ ದೊಡ್ಡವ್ವನ ಕೂಡ ಜಗಳಾ ಆಡಿಲ್ಲ. ಪ್ರಧಾನಮಂತ್ರಿ ಕೂಡ ಜಗಳಾ ಆಡಿದ್ರ ದೇಶದ ಗತಿ ಏನು?

ಅಧಿಕಾರ ಇಲ್ಲ ಅನ್ಕೋಬ್ಯಾಡ ಮತ್ತ. ಭಾಳ ಅದಾವು. ಮೂರೂ ಸೇನೆಗೆ ನಾನs ದಂಡನಾಯಕ. ಭೂಸೇನೆ ಎರಡೆತ್ತು. ವಾಯುಸೇನೆ ಕೋಳಿ, ಹಾರೂದಕ್ಕ ಇನ್ನೂ ತರಬೇತಿ ನಡದೈತಿ. ನೌಕಾಸೇನೆ ನಮ್ಮ ಎಮ್ಮಿ, ಕೆರ್ಯಾಗ ಇಳೀತಂದ್ರ ನಾ ಎಷ್ಟ ಆಜ್ಞಾ ಮಾಡಿದ್ರೂ ದಂಡಿಗೆ ಬರಂಗಿಲ್ಲ, ಅಷ್ಟ ನಿಷ್ಠಾ.

ಕ್ಷಮಾದಾನ! ಅದು ನನ್ನ ಸ್ವಂತ ಅಧಿಕಾರ ಅನಕೊಂಡಿದ್ದೆ. ದುರ್ಗವ್ವ ಹುಂಜಾ ಕೊಯ್ಯಬೇಕಂತ ಮಾಡಿದಾಗ ನಾ ಅಡ್ಡ ನಿಂತು 'ಕ್ಷಮಿಸೇನಿ' ಅಂದೆ. ಹುಂಜಾ ಬದಕಿತು. ಸಂಜೀಮುಂದ ಗೊತ್ತಾತು, ಅದನ್ನೂ ಮಂತ್ರಿಮಂಡಲ ಕೇಳೇ ಮಾಡಬೇಕಂತ. ಮರುದಿನ ಸಾರು ಭಾಳ ರುಚಿ ಆಗಿತ್ತು.

ಸುಗ್ರೀವಾಜ್ಞಾ ನೆನಪೈತೇನ? ಪಾರ್ಲಿಮೆಂಟು ಕುಂತಿಲ್ಲದಾಗ ರಾಷ್ಟ್ರಪತಿ ತಾನs ಕಾಯದೆ ಹೊರಡಸಬಹುದು. ಪಂಚಮಿಗೆ ನಿಮ್ಮ ದೊಡ್ಡವ್ವ ತೌರಮನಿಗೆ ಹೋದ್ಲು. ಆಕಿ ಹತ್ತಿದ ಬಸ್ಸು ಊರಗಸಿ ದಾಟಿತ್ತೋ ಇಲ್ಲೋ, ನಾ ಒಂದು ಹೊರಡಿಸಿ ಬಿಟ್ಟೆ: ದಿನಾ ಸಂಜಿಗೆ ಮೆಣಸಿನಕಾಯಿ ಭಜಿ! ಆಹಾ. ಮನ್ಯಾಗೆಲ್ಲಾ ಎಣ್ಣಿ ವಾಸನಿ. ದುರ್ಗವ್ವ ಸೈತ ಖುಷಿ ಆಗಿದ್ಲು. ನಿಮ್ಮ ದೊಡ್ಡವ್ವ ತಿರಿಗಿ ಬಂದು ಎಣ್ಣೀ ಗಡಿಗ್ಯಾಗ ಹಣಿಕಿ ಹಾಕಿದ್ಲು, ಒಂದs ಸಲ ನನ್ನ ಕಡೆ ತಿರಗಿದ್ಲು. ಕಾಯದೆ ಬಿದ್ದ ಹೋತು. ಚರ್ಚಾನೂ ಆಗಲಿಲ್ಲ.

ಹಾಂ, ಹಂಗ ನಗಬೇಕು. ನೀ ನಕ್ಕರ ನನಗ ಸಮಾಧಾನ. ಇಲ್ಲೇ ಇದ್ದೀ ಅನ್ನಸ್ತೈತಿ.

ಈಗ ವಿಷಯಕ್ಕ ಬರ್ತೇನಿ. ನಿನ್ನ ಸಂಬಂಧದ ವಿಷಯ. ಯುಗಾದಿ ಹೊತ್ತಿನಾಗ ಇದು ಮೊದಲ ನನ್ನ ಮುಂದ ಬಂತು. ನಾ ಏನ ಮಾಡಿದೆ? ಒಪ್ಪಲಿಲ್ಲ, ಒಲ್ಲೆ ಅನ್ನಲಿಲ್ಲ. ಪುನರ್ ವಿಚಾರ ಮಾಡ್ರಿ ಅಂತ ತಿರಿಗಿ ಕಳಿಸಿದೆ. ಅದಕ್ಕ ಅಧಿಕಾರ ಐತಿ, ಜನತಾ ಸರಕಾರ ಇದ್ದಾಗ ತಿದ್ದಿ ಬರದಾರಂತ ನೀನs ಓದಿದ್ದಿ. ನನ್ನ ತಕರಾರು ಏನಂದ್ರ, ದುಮ್ಮವಾಡ ಕೆಂಪಮಣ್ಣಿನ ಊರು, ನಮ್ಮ ಹುಡುಗಿ ಕರೇಮಣ್ಣಾಗ ಬೆಳದಾಕಿ. ಕರೇಮಣ್ಣಿನ ಕಾಲು ಕೆಂಪಮಣ್ಣಾಗ ಜಾರತೈತಿ. ಅಲ್ಲಿ ಮಂದಿ ಮೂರೂ ಹೊತ್ತು ಅನ್ನಾ ತಿಂತಾರ, ರೊಟ್ಟಿ ಅಂದ್ರ ಏನೋ ಔಷಧ ಅನ್ಕೊಂತಾರ. ಮತ್ತ ಅಡವಿ ಬಾಜು. ಅಳ್ನಾವರ ಕಡೀಂದ ರಾತ್ರಿ ಕಾಡಹಂದಿ ಬಂದು ಕದಾ ಬಡದು, ಸಂಬಂಧ ಕೇಳ್ತಾವಂತ.

ಮಂತ್ರಿಮಂಡಲ ವಿಚಾರ ಮಾಡಿತು. ಎಷ್ಟೊತ್ತು? ನಾ ತಂಬಗಿ ತಗೊಂಡು ಹೊಲಕ್ಕ ಹೋಗಿ ಬರೂದ್ರೊಳಗ ಮುಗದಿತ್ತು. ಅದs ಸಂಬಂಧ, ಒಂದಕ್ಷರ ಬದಲಿಲ್ಲ, ತಿರಿಗಿ ನನ್ನ ಮುಂದ. ಎರಡನೇ ಸಲ ಬಂದ್ರ ರಾಷ್ಟ್ರಪತಿ ಒಲ್ಲೆ ಅನ್ನಾಕ ಬರಂಗಿಲ್ಲ. ಸಹಿ ಮಾಡsಬೇಕು.

ಮಾಡsಬೇಕು, ಖರೆ. ಆದ್ರ ಯಾವಾಗ?

ಇದನ್ನ ಹೇಳು ಮತ್ತ! ಯಾವಾಗ ಅಂತ ಎಲ್ಲೆರ ಬರದಾರೇನು? ದಿಲ್ಲ್ಯಾಗ ಏನ ನಡದೈತಿ ಈಗ? ಆ ಟಪಾಲಿನ ಕಾಯದೆ, ಮಂದಿ ಕಾಗದಾ ಸರಕಾರದವರು ಒಡದ ಓದಬಹುದು ಅನ್ನೂದು. ಎರಡೂ ಸಭಾದಾಗ ಪಾಸಾಗಿ ರಾಷ್ಟ್ರಪತಿ ಮುಂದ ಬಂದೈತಿ. ಆತ ಸಹಿ ಮಾಡಿಲ್ಲ, ತಿರಿಗಿ ಕಳಿಸಿಲ್ಲ, ಹರದ ಒಗದೂ ಇಲ್ಲ. ಸುಮ್ಮನ ಇಟಗೊಂಡ ಕುಂತಾನ. ಚಳಿಗಾಲ ಹೋತು, ಬ್ಯಾಸಗಿ ಬಂತು, ಕಾಗದಾ ಅಲ್ಲೇ ಐತಿ. ಯಾರಿಗೂ ಏನೂ ಮಾಡಾಕ ಬರವಲ್ದು. ನೀ ಅದನ್ನ ಪೇಪರಿನಾಗ ಓದಿ ಹೇಳಿದಾಗ ನನಗ ಹಿಂತಾ ಆನಂದ ಆತು, ಆವತ್ತ ಎರಡು ರೊಟ್ಟಿ ಹೆಚ್ಚಿಗಿ ತಿಂದೆ. ಸುಮ್ಮನ ಕುಂದ್ರೂದು ಸೈತ ಒಂದು ಅಧಿಕಾರ ಅಂತ ನಮ್ಮ ಮುತ್ತ್ಯಾಗ್ಯಾಕ ತಿಳೀಲಿಲ್ಲೋ!

ಏನು? ಪೇಪರ್ ನೀನs ಯಾಕ ಓದಬೇಕು, ನಾನ್ಯಾಕ ಓದಂಗಿಲ್ಲಂತ? ಚಸಮಾ ಒಡದೈತಲ್ಲ ಬೇ. ಎತ್ತು ತುಳೀತು. ಹೋದ ವರ್ಷ. ದುರಸ್ತಿಗೆ ಕೊಟ್ಟೇನಿ, ಅಂವಾ ಕೊಡವಲ್ಲ. ಯಾಂವ ಅಂದ್ರ... ನವಲಗುಂದದಾಂವ. ಇರಲಿ ಬಿಡು, ನೀ ಓದಿದ್ರ ಸುದ್ದಿ ಖರೆ ಅನಸ್ತೈತಿ, ನಾ ಓದಿದ್ರ ಬರೇ ಪೇಪರ್ ಅನಸ್ತೈತಿ.

ಮಾತ ತಪ್ಪಸಬ್ಯಾಡ. ನಿನಗ ಖರೇನs ಆ ಹುಡುಗ ಒಪ್ಪಿಗಿ ಏನು? ಆ ಈರಪ್ಪ? ಹಿಟ್ಟಿನ ಗಿರಣಿ ನಡಸೂ ಹುಡುಗ. ದಿನಾ ಮೈಮ್ಯಾಲೆ ಅಷ್ಟ ಹಿಟ್ಟು, ಜಾಡಿಸಿದ್ರ ಎರಡು ರೊಟ್ಟಿ ಆಗ್ತಾವು. ಅದೊಂದು ಲಾಭ ಅನ್ನು. ಆದ್ರ ಕಿವಿ ನೋಡಿದೇನ? ಮೊರದಷ್ಟ ಅದಾವು. ಗಾಳಿ ಬಂತಂದ್ರ ಗಿರಣಿ ಬಿಟ್ಟು ಹಾರಿ ಹೋಗ್ತಾನ.

ಯಾಕ ನಗತಿ ಮತ್ತ? ... ಸಣ್ಣ ಕಿವಿ? ಬರೇ ಇಷ್ಟs? ... ನಾ ದೂರ ಕುಂತಿದ್ದೆ ಬೇ ಆವತ್ತು. ದೂರಿಂದ ಕಿವಿ ದೊಡ್ಡು ಕಾಣ್ತಾವು.

ಸಣ್ಣ ಕಿವಿ ಅಂತ ಅಷ್ಟ ಲಗೂ ಹೇಳಿದಿ ನೋಡು. ಅದರಾಗs ಎಲ್ಲಾ ತಿಳೀತು. ಅಂವ ಬಂದು ಹೋದಾಗಿಂದ ನೀ ರೊಟ್ಟಿ ಬಡಿಯೂ ಸಪ್ಪಳನs ಬ್ಯಾರೆ ಆಗೇತಿ. ಮೊದಲ ಜಗಳಾ ತಗದಂಗ ಬಡೀತಿದ್ದಿ. ಈಗ ಏನೋ ಹಲಗಿ ಬಾರಸ್ದಂಗ... ನಾ ಕಟ್ಟೀ ಮ್ಯಾಲೆ ಕುಂತು ದಿನಾ ಕೇಳ್ತೇನಿ. ನೀ ಒಲ್ಲೆ ಅಂದಿದ್ರ ನನಗ ಎಷ್ಟ ಹಗರ ಆಗ್ತಿತ್ತು! ರಾಷ್ಟ್ರಪತಿ ಪ್ರಜಾ ಪರವಾಗಿ ಕುಂತಾನಂತ ಊರಾಗ ಹೆಸರ ಆಗ್ತಿತ್ತು.

ಮೂಗ ಯಾಕ ಏರಸ್ತಿ? ಅಳತೀ ಏನ? ಅಳಬ್ಯಾಡ... ನಾ ಇನ್ನೂ ಒಲ್ಲೆ ಅಂದೇ ಇಲ್ಲ. ಬರೇ ಕುಂತೇನಿ.

ಕೆಳಗ ಕೇಳು. ಹುಂ, ಲಕ್ಷ್ಮವ್ವ. 'ಸೂರ್ಯಾ ಇನ್ನೂ ಕಂಡಿಲ್ಲೇನ ಅವರಿಗೆ' ಅಂತಾಳ. ಮಂದಿ ಮುಂದ ಬಹುವಚನ! ನೋಡು ಈ ಹುದ್ದೇಕ ಎಷ್ಟ ಮರ್ಯಾದಿ.

ನೀ ನನ್ನ ಸಿಟ್ಟೀಲೆ ನೋಡಬ್ಯಾಡ. ಹುಡುಗನ ಬಿಡು, ಅವರಪ್ಪನ್ನ ತಗೋ. ಶಿದ್ಲಿಂಗಪ್ಪ. ಮನಶ್ಯಾ ಚಲೋ ಇರಬಹುದು. ಆದ್ರ ಹೆಣ್ಣ ಕೇಳಾಕ ಬರೂಮುಂದ ಹಿಂತಾ ಕೆಂಪ ರುಮಾಲ ಸುತಗೊಂಡ ಬರ್ತಾರೇನ ಯಾರರ? ಅಷ್ಟ ದೊಡ್ಡದು, ಬೆಂಕಿ ಹತ್ತಿದಂಗ! ನನ್ನ ಎದುರಿಗೇ ಕುಂತಿದ್ದ, ನನಗ ಕಣ್ಣ ಕುಕ್ಕಾಕ ಹತ್ತಿತ್ತು. ಅಷ್ಟ ಡೌಲು ಮಾಡೂ ಮನ್ಯಾಗ ನಮ್ಮ ಹುಡುಗಿ...

ಏನಂದಿ?

ಟೊಪಿಗಿ? ... ಬಿಳೇ ಟೊಪಿಗಿ?

ಹುಂ... ಈಗ ಟೊಪಿಗಿ ಹಾಕ್ಕೊಂಡಿರಬೇಕು. ನಾ ಮ್ಯಾಲೆ ಬಂದಮ್ಯಾಲೆ ಬದಲಿ ಮಾಡಿರಬೇಕು. ಸೆಕಿ ಐತೆಲ್ಲ, ರುಮಾಲ ತಗದ ಇಟ್ಟಿರಬೇಕು. ಮದ್ಲಿಂದ ಟೊಪಿಗೀನs? ಹಂಗೇನರ ಇದ್ರ... ಬಾಗಲಾ ಕಡೀಂದ ಬೆಳಕ ಬೀಳತಿತ್ತು, ಬೆಳಕಿಗೆ ಬಣ್ಣ ಬ್ಯಾರೆ ಕಾಣಸ್ತೈತಿ. ಬಿಳೇದು ಕೆಂಪ ಕಾಣಸ್ತೈತಿ. ವಿಜ್ಞಾನ ಐತಿ ಅದು. ನಿಮ್ಮ ಪುಸ್ತಕದಾಗ ಇಲ್ಲೇನು?

ಯಾಕ ಸುಮ್ಮನಾದಿ?

ನಗಬಾರದೇನು? ರುಮಾಲಿಗೆ ನಗು. ಬಿಳೇದು ಕೆಂಪ ಕಾಣಸ್ತೈತಿ ಅಂದೆ, ಅದಕ್ಕರ ನಗು.

ಮೈಲಾರೀ.

ಏನರ ಅನ್ನು ಬೇ. ದೊಡ್ಡಪ್ಪ ಸುಳ್ಳ ಹೇಳ್ತಾನ ಅನ್ನು. ಹುಚ್ಚ ಹಿಡದೈತಿ ಅನ್ನು. ಬಾಯಿ ಬಿಟ್ಟ ಏನರ ಅನ್ನು.

... ಇದ್ದಿ ಏನ?

ಕೆಳಗ ಇಳದ ಹೋದ್ಯಾ? ಹೋಗಿಲ್ಲ. ಹೋಗಿದ್ರ ಪಾವಟಿಗಿ ಮ್ಯಾಲೆ ಬಳಿ ಸಪ್ಪಳಾ ಆಗ್ತಿತ್ತು. ... ಕೈ ಹಿಡಕೊಂಡೀ ಏನ, ಬಳಿ ಅಲ್ಲಾಡಬಾರದಂತ? ... ಆಕಡೆ ಹ್ವಾದಿ ಏನ? ತುದಿಗೆ ಹೋಗಬ್ಯಾಡ, ಅಲ್ಲಿ ಮಣ್ಣು ಸಡಲೈತಿ. ಈಕಡೆ? ಇಲ್ಲ, ಇದು ಗ್ವಾಡಿ... ಮೈಲಾರೀ, ಆಟಾ ಆಡಬ್ಯಾಡ. ಹಿಂಗ ಉಸರ ಹಿಡದ ನಿಂದರೂದು ಸಣ್ಣ ಹುಡಗೂರ ಆಟಾ. ನನಗ... ಬಿಸಲಿಗೆ ಕಣ್ಣಿಗೆ ಕತ್ತಲಿ ಬಂದಂಗ ಆಗೇತಿ ಅಷ್ಟs. ಎಲ್ಲಿ ಅದೀ ಹೇಳು.

ಎದುರಿಗೇ ನಿಂತೀ, ಹೌದಲ್ಲ? ನನ್ನ ಮುಖದ ಮುಂದs.

ಹುಂ. ಹಂಗಾರ ಎಲ್ಲಾ ತಿಳೀತು ನಿನಗ.

ಕುಂದ್ರು. ಮಾತಾಡಬ್ಯಾಡ, ಬ್ಯಾಡಂದ್ರ ಬಿಡು. ನಾನs ಹೇಳ್ತೇನಿ. ಎರಡೂ ಹೋಗ್ಯಾವು. ಎಡಗಡೇದು ಹೋದ ದೀಪಾವಳಿಗೆ ಮಂಜ ಆತು. ಬಲಗಡೇದು ಸಂಕ್ರಾಂತಿ ತನಕಾ ನೌಕರಿ ಮಾಡ್ತು, ಆಮ್ಯಾಲೆ ಅದೂ ರಾಜೀನಾಮೆ ಕೊಟ್ಟಿತು. ಈಗ ಬೆಳಕು ಗೊತ್ತಾಗತೈತಿ, ನೆಳ್ಳ ಗೊತ್ತಾಗತೈತಿ. ಯಾರ ನೆಳ್ಳು ಅಂತ ಗೊತ್ತಾಗಂಗಿಲ್ಲ. ಅಣ್ಣಿಗೇರ್ಯಾಗ ಕಣ್ಣಿನ ಶಿಬಿರಕ್ಕ ಗುಟ್ಟೀಲೆ ಹೋಗಿ ತೋರಸೇನಿ. ಪೊರಿ ಬಂದೈತಿ, ಇನ್ನೂ ಹಣ್ಣಾಗಬೇಕು, ಹಣ್ಣಾದಮ್ಯಾಲೆ ತಗೀತೀವಿ ಅಂದ್ರು. ಮಾವಿನಕಾಯಿ ಅಡಿ ಹಾಕಿದಂಗ ಹುಲ್ಲಾಗ ಮುಚ್ಚಿ ಇಡಲೇನ್ರಿ ಅಂತ ಕೇಳಿದೆ. ಡಾಕ್ಟರು ನಗಲಿಲ್ಲ.

ಮನಿ ನನಗ ಗೊತ್ತೈತಿ. ಕಂಬ ಎಲ್ಲಿ, ಹೊಸ್ತಿಲ ಎಲ್ಲಿ, ಎಮ್ಮಿ ಎಲ್ಲಿ, ನಿಮ್ಮ ದೊಡ್ಡವ್ವ ಎಲ್ಲಿ ನಿಂತು ನನ್ನ ಬೈತಾಳ, ಎಲ್ಲಾ ಗೊತ್ತೈತಿ. ಯಾರಿಗೂ ಸುಳುವ ಸಿಗಲಿಲ್ಲ. ನಿನ್ನ ಪೇಪರು, ನಿನ್ನ ಬಳಿ, ಅದರ ಮ್ಯಾಲೆ ನಡದಿತ್ತು ಸರಕಾರ.

ಆದ್ರ ಶಿದ್ಲಿಂಗಪ್ಪನ ಬಾಯಿ ಎಲ್ಲೈತಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ನಮ್ಮ ಮನೀ ಕಂಬೇನ ಅದು?

ತಾಲೀಮ ಮಾಡೇನಿ. ನಾಲ್ಕು ದಿನದಿಂದ ದನದಮನ್ಯಾಗ ಎತ್ತಿನ ಕೂಡ. ಎತ್ತಿನ ಬಾಯಿ ಎಷ್ಟ ದೊಡ್ಡದು ನೋಡು. ಆದ್ರೂ ಒಂದ ಸಲ ಕಿವ್ಯಾಗ ಹೋತು, ಒಂದ ಸಲ ಕಣ್ಣಾಗ. ಎತ್ತು ಈಗ ನನ್ನ ಕಂಡ್ರ ಹಿಂದಕ ಸರೀತೈತಿ. ಶಿದ್ಲಿಂಗಪ್ಪನ ಕಣ್ಣಾಗ ಸಕ್ಕರಿ ಹಾಕಿದೆ ಅನ್ನು, ಆತ ಒರಸಗೊಂಡು ಸುಮ್ಮನ ಇರ್ತಾನೇನ? ಎಲ್ಲಾರೂ ನನ್ನ ನೋಡ್ತಾರ. ಕೂಡ ಬಂದ ಹಿರ್ಯಾರಾಗ ಒಬ್ಬ ಮುದುಕ ಅದಾನ, ನಮ್ಮ ಊರ ಕಡೇ ಹಳೇ ಸುದ್ದಿ ಎಲ್ಲಾ ಬಲ್ಲಾಂವ. ಅಂವ ತಗೀತಾನ ಮಾತು. 'ಇವರಪ್ಪಗೂ ಹಿಂಗs ಆಗಿತ್ತಲ್ಲ' ಅಂತಾನ. ಆಗಿತ್ತು, ಖರೆ. ನಿಮ್ಮ ಮುತ್ತ್ಯಾ ಕಡೀ ಕಾಲಕ್ಕ ಏನೂ ಕಾಣದs ಹೋದ. ಊರು ಮರತೈತಿ. ಅಪ್ಪಗ ಆಗೇತಿ, ಮಗಗ ಆಗೇತಿ, ನಾಳೆ ಹುಡಿಗಿಗೆ ಆಗೂದಿಲ್ಲ ಅಂತ ಯಾರ ಹೇಳ್ಯಾರು? ಕುರುಡರ ಮನಿ ಅಂತ ಒಂದ ಹೆಸರ ಬಿತ್ತಂದ್ರ ದುಮ್ಮವಾಡ ಅಷ್ಟs ಅಲ್ಲ, ಯಾ ಊರವರೂ ಬರಂಗಿಲ್ಲ.

ಅದಕ್ಕs ಕುಂತೇನಿ. ಕೆಂಪಮಣ್ಣೂ ಇಲ್ಲ, ಕಾಡಹಂದೀನೂ ಇಲ್ಲ. ಇಳದ್ರ ನನ್ನಿಂದ ಸಂಬಂಧ ಮುರೀತೈತಿ. ಇಳೀದಿದ್ರ ಅವರು ಒಣಾ ಬಾಯೀಲೆ ಹೋಗ್ತಾರ, ಆವಾಗೂ ಮುರೀತೈತಿ. ಆದ್ರ ಆವಾಗ ಮಂದಿ 'ಕರಿಸಿದ್ದಪ್ಪ ಕೆಟ್ಟ ಹಟದಾಂವ' ಅಂತಾರ. ನಿನ್ನ ಹೆಸರಿಗೆ ಏನೂ ಹತ್ತಂಗಿಲ್ಲ. ನಾಳೆ ಮತ್ತೊಬ್ಬರು ಬರ್ತಾರ. ಭಾಳ ವಿಚಾರ ಮಾಡಿ ತಗದದ್ದು ಇದು. ದಿಲ್ಲ್ಯಾಗಿನಾಂವಾ ಸೈತ ಇಷ್ಟ ವಿಚಾರ ಮಾಡಿರಂಗಿಲ್ಲ.

ಏನರ ಹೇಳು ಬೇ ಈಗರ.

ಹಂಗಾರ ಒಂದ ಕೆಲಸಾ ಮಾಡೂಣು? ನೀರಿನ ತಂಬಗಿ ಹಿಡಕೊಂಡ ಬಂದಾಕಿ ಹಂಗ ನೀ ಶಿದ್ಲಿಂಗಪ್ಪನ ಬಾಜು ಬಾ. ಆತನ ಬಾಯಿ ನೇರಕ್ಕ ಕೈ ತಂದು ಒಂದ ಸಲ ಬಳಿ ಅಲ್ಲಾಡಿಸು. ನಾ ಸಪ್ಪಳಾ ಹಿಡದ ಕೈ ಹಾಕ್ತೇನಿ. ಯಾರಿಗೂ ಗೊತ್ತಾಗಂಗಿಲ್ಲ. ಮಂತ್ರಿಮಂಡಲದ ಸಲಹಾ ಗುಟ್ಟೀಲೆ ಇರಬೇಕಂತ ಸಂವಿಧಾನದಾಗs ಐತಿ, ಯಾ ಕೋರ್ಟೂ ಕೇಳಾಕ ಬರಂಗಿಲ್ಲ. ಹ್ಯಾಂಗ? ಚಲೋ ಐತಿಲ್ಲ?

... ಏನಿದು? ಕೈ ಯಾಕ ಹಿಡದಿ?

ಬಿಡು. ಹಿಂಗ ಕೈ ಹಿಡಕೊಂಡ ಇಳದ್ರ ಎಲ್ಲಾರೂ ನೋಡ್ತಾರ. ಪಡಸಾಲ್ಯಾಗ ನನ್ನ ಕೈ ಹಿಡಕೊಂಡ ಹೋಗಿ, ಎಲ್ಲಾರ ಮುಂದs ನನ್ನ ಕೈ ಶಿದ್ಲಿಂಗಪ್ಪನ ಬಾಯಿತನಕಾ ಒಯ್ದು ಸಕ್ಕರಿ ಹಾಕಸ್ತಿ ಏನ? ಹುಡಿಗಿ ಆಗಿ? ಅವರು ಎದ್ದ ಹ್ವಾದ್ರ? ಬಿಡು ಅಂದೆ. ... ಹಾಂ. ಹಂಗ.

ತಿರಿಗಿ ಕಳಿಸೇನಿ ನೋಡು. ಪುನರ್ ವಿಚಾರ ಮಾಡು. ನಿನ್ನ ಗಿರಣಿ ಹುಡುಗನ ಬಗ್ಗೆ ವಿಚಾರ ಮಾಡು. ಸಣ್ಣ ಕಿವಿ ಬಗ್ಗೆ ವಿಚಾರ ಮಾಡು. ಮಂದಿ ಏನಂದಾರು... ಅದೇನು, ಬಸ್ಸೇನ? ಇಲ್ಲ, ಗಿರಣಿ ಸಪ್ಪಳಾ. ಇನ್ನೂ ಟೈಮ್ ಐತಿ. ಪೂರಾ ವಿಚಾರ ಮಾಡು, ಯವ್ವಾ. ನಾ ಏನೂ ಅನ್ನಂಗಿಲ್ಲ.

...

ಮತ್ತ ಹಿಡದಿ.

ಮೊದಲಿನಕಿಂತಾ ಬಿಗಿ ಹಿಡದಿ.

ಎರಡನೇ ಸಲ ಬಂತು. ಒಂದಕ್ಷರ ಬದಲಿಲ್ಲದs ಬಂತು. ಇನ್ನ ನಂದೇನೂ ನಡ್ಯಾಂಗಿಲ್ಲ. ನೀನs ಓದಿ ಹೇಳಿದ್ದು.

ತಡಿ, ಕಂಬಳಿ ಸರಿ ಮಾಡ್ಕೋತೇನಿ. ಬಟ್ಟಲಾ ನೀ ತಗೋ. ಇರಿವಿ ಜಾಡಿಸು, ಬೀಗರ ಬಾಯಾಗ ಇರಿವಿ ಹಾಕಿದ್ರ ಅದಕ್ಕೂ ನನ್ನ ಕಣ್ಣs ಕಾರಣ ಅಂದಾರು. ಅಳೂದ ಸಾಕು, ಮುಖಾ ಒರಸ್ಕೋ, ಮಂದಿ ಮುಂದ ಹೋಗಬೇಕು. ... ನಾ ಎಲ್ಲಿ ಅಳಾಕ ಹತ್ತೇನಿ? ಸೂರ್ಯಾನ ಅಷ್ಟೊತ್ತು ನೋಡಿದ್ರ ಯಾರ ಕಣ್ಣಾಗರ ನೀರ ಬರ್ತೈತಿ.

ಲಕ್ಷ್ಮವ್ವಾ! ಕೆಳಗ ಹೇಳ, ಸೂರ್ಯಾಗ ತೋರಸಿದ್ದು ಆತು! ರಾಷ್ಟ್ರಪತಿ ಇಳದ ಬರಾಕ ಹತ್ಯಾರ, ಎಲ್ಲಾರೂ ಹಾದಿ ಬಿಡ್ರೀ!

... ಮೈಲಾರೀ, ಮೆಲ್ಲಕ ಹೇಳು. ಹಾದಿ ಯಾ ಕಡೆ ಐತಿ?